ಹೊಗೆ ಅಳೆಯುವುದನ್ನು ನೋಡಲು ಇಂಗ್ಲೆಂಡಿಗೆ ಹೋದದ್ದು

ಈ ಪ್ರವಾಸಕ್ಕೆ ನನಗೆ ಬಿದ್ದ ಖರ್ಚು ಎರಡು ಲಕ್ಷದ ಅರುವತ್ತು ಸಾವಿರ ರೂಪಾಯಿ. ನಲವತ್ತು ಸಾವಿರದ ಒಂದು ಕಬ್ಬಿಣದ ಕೊಳವೆ ಹಾಕಿಸುವುದನ್ನು ತಪ್ಪಿಸಿಕೊಳ್ಳಲು ಇಷ್ಟು ಖರ್ಚು ಮಾಡಿದೆ. ಲೆಕ್ಕ ಬಾರದವನು ಎಂದು ನಗಬೇಡಿ. ನಲವತ್ತು ಸಾವಿರ ಕೊಟ್ಟಿದ್ದರೆ ನನಗೆ ಕೊಳವೆ ಒಂದೇ ಸಿಗುತ್ತಿತ್ತು. ಈಗ ಕೊಳವೆಯೂ ಆಯಿತು, ಇಂಗ್ಲೆಂಡೂ ಆಯಿತು.

ನೆಲ್ಯಾಡಿಯಿಂದ ಎರಡು ಮೈಲು ಒಳಗೆ ನನ್ನದೊಂದು ರಬ್ಬರ್ ಶೀಟ್ ಖರೀದಿಯ ಅಂಗಡಿ ಇದೆ. ಅಂಗಡಿಯ ಹಿಂದೆ ಹೊಗೆಗೂಡು. ಹಸಿ ಶೀಟುಗಳನ್ನು ಸಾಲಾಗಿ ನೇತುಹಾಕಿ, ಕೆಳಗೆ ಸೌದೆ ಉರಿಸಿ, ಹೊಗೆ ಕುಡಿಸಿ, ಜೇನಿನ ಬಣ್ಣಕ್ಕೆ ತರುವ ಕೋಣೆ ಅದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಹದಿನಾಲ್ಕು ವರ್ಷ ಕಂಡವರ ರಬ್ಬರ್ ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಮಾಡಿ, ಆಮೇಲೆ ಹನ್ನೊಂದು ವರ್ಷದ ಹಿಂದೆ ಕಟ್ಟಿದ ಗೂಡು. ಹಾಗಾಗಿ ಅದರ ಹೊಗೆಯ ಬಗ್ಗೆ ಯಾರಾದರೂ ಕೆಟ್ಟ ಮಾತಾಡಿದರೆ ನನಗೆ ಮನೆಯವರ ಬಗ್ಗೆ ಮಾತಾಡಿದ ಹಾಗಾಗುತ್ತದೆ.

ಮಾತಾಡಿದವರು ರಸ್ತೆಯ ಆಚೆ ಬದಿಯ ರೋಸಮ್ಮ ಟೀಚರ್. ನಾಲ್ಕನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಕಲಿಸಿದವರು. ಈಗ ಎಪ್ಪತ್ತನಾಲ್ಕು ವಯಸ್ಸು. ಹೊಗೆ ಮನೆಯೊಳಗೆ ಬರುತ್ತದೆ, ಗೂಡಿನ ಕೊಳವೆಯನ್ನು ಹದಿನೈದು ಅಡಿ ಏರಿಸಬೇಕು ಎಂದು ಅವರು ಪಂಚಾಯತಿಗೆ ದೂರು ಕೊಟ್ಟರು. ಪಂಚಾಯತಿನ ಅಧಿಕಾರಿ ಇಬ್ಬರನ್ನೂ ಕರೆಸಿದರು.

"ಹೊಗೆ ಎಷ್ಟು ಉಂಟು ಅಂತ ಅಳೆದು ತೋರಿಸಿ, ಮತ್ತೆ ಮಾತಾಡುವ" ಎಂದೆ ನಾನು. ವ್ಯಾಪಾರದಲ್ಲಿ ನನ್ನ ಮೊದಲ ಮಾತು ಯಾವಾಗಲೂ ತೂಕದ್ದೇ.

"ಅಳೆಯುವ ಸಾಧನ ನಮ್ಮಲ್ಲಿ ಎಲ್ಲುಂಟು ಗೌಡ್ರೇ?" ಎಂದರು ಅಧಿಕಾರಿ.

"ನನ್ನ ಮಗಳ ಊರಲ್ಲಿ ಉಂಟು" ಎಂದರು ಟೀಚರ್. ಅವರ ಮಗಳು ಲಿಲ್ಲಿ ಇಂಗ್ಲೆಂಡಿನಲ್ಲಿ ನರ್ಸು. "ಅಲ್ಲಿ ಕೌನ್ಸಿಲಿನವರು ಬೀದಿಯ ಕಂಬಕ್ಕೆಲ್ಲ ನಳಿಗೆ ಕಟ್ಟಿ ಗಾಳಿ ಅಳೆಯುದು. ಕೌನ್ಸಿಲ್ ಅಂದರೆ ಅಲ್ಲಿಯ ಪಂಚಾಯತ್."

"ನೀವು ನೋಡಿದ್ದುಂಟಾ?"

"ಮೊಮ್ಮಗುವಿನ ಜ್ಞಾನಸ್ನಾನಕ್ಕೆ ಎಪ್ರಿಲಿನಲ್ಲಿ ಹೋಗುದು. ನೀನೂ ಬಾ, ಧೈರ್ಯ ಇದ್ದರೆ. ನನಗೂ ಪೆಟ್ಟಿಗೆ ಎತ್ತಲಿಕ್ಕೆ ಜನ ಬೇಕು."

ಅಧಿಕಾರಿಯ ಮೇಜಿನ ಮೇಲೆಯೇ ಒಪ್ಪಂದವಾಯಿತು. ಅಲ್ಲಿಯ ಕೌನ್ಸಿಲ್ ಹೇಗೆ ಅಳೆಯುತ್ತದೋ ಇಲ್ಲಿಯೂ ಹಾಗೆಯೇ ಅಳೆಯುವುದು. ನನ್ನ ಹೊಗೆ ಲೆಕ್ಕಕ್ಕೆ ಬಾರದಷ್ಟಿದ್ದರೆ ಟೀಚರ್ ದೂರು ಹಿಂದೆ ತೆಗೆದುಕೊಳ್ಳುವುದು. ಇದ್ದರೆ ನಾನು ಕೊಳವೆ ಏರಿಸುವುದು. ಏರಿಸದಿದ್ದರೆ ಗೂಡಿನ ಲೈಸೆನ್ಸ್ ಇಲ್ಲ. ನನ್ನ ಧೈರ್ಯಕ್ಕೆ ಕಾರಣವಿತ್ತು. ಅಷ್ಟು ದೊಡ್ಡ ದೇಶ, ಮನೆಗೆ ಎರಡು ಕಾರು. ಅಲ್ಲಿಯ ನಳಿಗೆಗಳು ಮಸಿಯಿಂದ ತುಂಬಿ ತುಳುಕುತ್ತಿರಬೇಕು. ಅದರ ಮುಂದೆ ನನ್ನ ಒಂದು ಗೂಡಿನ ಹೊಗೆ ಎಷ್ಟರದ್ದು!

ವಿಮಾನ

ಫಿರ್ಯಾದಿ ಕಿಟಕಿಯ ಬದಿಗೆ, ಆರೋಪಿ ನಡುವಿಗೆ. ಮಂಗಳೂರಿನಿಂದ ದುಬೈ, ದುಬೈಯಿಂದ ಇಂಗ್ಲೆಂಡ್. ಟೀಚರ್ ಊಟದ ತಟ್ಟೆಯ ಬೆಣ್ಣೆಯ ಪೊಟ್ಟಣಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡರು, ನನ್ನದನ್ನೂ ಕೇಳಿ ತೆಗೆದುಕೊಂಡರು. ನಡುವೆ ಒಮ್ಮೆ ನಿದ್ದೆಯಿಂದ ಎದ್ದು, ನನ್ನಿಂದ ಹದಿನೇಳರ ಮಗ್ಗಿ ಹೇಳಿಸಿದರು. ನಾನು ಹದಿನೇಳು ಎಂಟಲ ನೂರ ಮೂವತ್ತಾರು ಎಂಬಲ್ಲಿಯವರೆಗೆ ಸರಿಯಾಗಿಯೇ ಹೋದೆ.

ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿಣಿ ಟೀಚರ ಪೆಟ್ಟಿಗೆ ತೆರೆಸಿದಳು. ತೆರೆದವಳು ಒಂದು ಹೆಜ್ಜೆ ಹಿಂದೆ ಸರಿದು, ಬಹಳ ಮೃದುವಾಗಿ ಏನೋ ಕೇಳಿದಳು. ಟೀಚರ್ ನನ್ನ ಕಡೆ ತಿರುಗಿದರು.

"ಏನು ಕೇಳುದು ಗೊತ್ತುಂಟಾ? ನಿಮ್ಮ ಮನೆಗೆ ಬೆಂಕಿ ಬಿದ್ದಿತ್ತಾ ಅಂತ."

"ಅದು ನನ್ನ ಪೆಟ್ಟಿಗೆಯ ವಾಸನೆ ಟೀಚರೇ" ಎಂದೆ. ಸುಳ್ಳಲ್ಲ. ಒಂದು ಒಳ್ಳೆಯ ಶೀಟನ್ನು ಮಾದರಿಗೆಂದು ಮಡಚಿ ತಂದಿದ್ದೆ. "ವಿಮಾನದ ಹೊಟ್ಟೆಯಲ್ಲಿ ಎರಡೂ ಒಟ್ಟಿಗೆ ಇದ್ದದ್ದಲ್ವಾ, ದಾಟಿರಬೇಕು."

"ನನ್ನ ಮೂವತ್ತು ಸೀರೆಗೂ ದಾಟಿದ್ದಾ? ಇಸ್ತ್ರಿಯ ಮಡಿಕೆಯ ಒಳಗಿಗೂ?"

ನನ್ನ ಪೆಟ್ಟಿಗೆಯನ್ನು ಅವಳು ಕೇಳಲೇ ಇಲ್ಲ. ಅದು ನನಗೆ ಸ್ವಲ್ಪ ಬೇಸರದ ವಿಷಯ.

ಹೊರಗೆ ಲಿಲ್ಲಿ ಕಾಯುತ್ತಿದ್ದಳು. ಅಮ್ಮನನ್ನು ಅಪ್ಪಿಕೊಂಡು, ಸೀರೆಯ ಸೆರಗಿಗೆ ಮುಖ ಒತ್ತಿ, "ಅಮ್ಮಚ್ಚೀ, ಊರಿನ ವಾಸನೆ!" ಎಂದು ಅಳಲು ಶುರುಮಾಡಿದಳು. ನಾನು ಬಿಡುತ್ತೇನೆಯೇ?

"ನೋಡಿದ್ರಾ ಟೀಚರೇ? ನಿಮ್ಮ ಮಗಳಿಗೆ ಬೇಕಾದ್ದನ್ನು ನೀವು ಬೇಡ ಅನ್ನುದು."

"ಅವಳು ಇರುದು ಇಲ್ಲಿ" ಎಂದರು ಟೀಚರ್. "ಮೂಗು ಇಟ್ಟುಕೊಂಡು ಅಲ್ಲಿ ಇರುದು ನಾನು."

ಮೊದಲ ದಿನ: ಕಂಬಗಳು

ಊರಿನ ಹೆಸರು ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ಕಡಬದ ಪೇಟೆಯನ್ನು ಇಸ್ತ್ರಿ ಹಾಕಿ ಹರಡಿದ ಹಾಗಿದೆ. ಒಂದು ಇಗರ್ಜಿ, ಒಂದು ಉದ್ದದ ಬೀದಿ, ಬೀದಿ ತುಂಬ ಕಾರು. ಯಾರೂ ಹಾರನ್ ಒತ್ತುವುದಿಲ್ಲ. ಪುತ್ತೂರಿನ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಅರ್ಧ ಗಂಟೆ ನಿಂತರೆ ನಮಗೆ ಬೇಕಾದಷ್ಟು ಜನ ಸಿಕ್ಕಿ ಮಾತಾಡುತ್ತಾರೆ. ಇಲ್ಲಿ ಅರ್ಧ ಗಂಟೆ ನಿಂತರೆ ಒಬ್ಬರು ಬಂದು "ನಿಮಗೆ ಹುಷಾರಿಲ್ಲವೇ?" ಎಂದು ಕೇಳುತ್ತಾರೆ. ನನ್ನನ್ನು ಮೂವರು ಕೇಳಿದರು.

ನಾನೂ ಟೀಚರೂ ನಿಂತದ್ದು ನಳಿಗೆ ನೋಡಲು. ದೀಪದ ಕಂಬದಲ್ಲಿ, ನಮ್ಮ ಕೈಗೆ ಎಟುಕದಷ್ಟು ಎತ್ತರದಲ್ಲಿ, ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದ ಒಂದು ಸಣ್ಣ ನಳಿಗೆ. ಹೆಬ್ಬೆರಳಿಗಿಂತ ಸಪೂರ. ಮಸಿ ಇಲ್ಲ, ಯಂತ್ರ ಇಲ್ಲ, ಸದ್ದಿಲ್ಲ. ಈ ಬೀದಿಯಲ್ಲಿ ಹನ್ನೆರಡು ಕಂಬಗಳಿಗೆ ಹನ್ನೆರಡು. ಆರು ವರ್ಷದಿಂದ ಅದರ ಕೆಳಗೇ ನಡೆದಾಡುವ ಲಿಲ್ಲಿ, "ಹೌದಾ? ನಾನು ನೋಡಿಯೇ ಇಲ್ಲ" ಎಂದಳು.

ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ. ನಳಿಗೆಯ ಮೇಲ್ತುದಿ ಮುಚ್ಚಿದೆ, ಬಾಯಿ ನೆಲದ ಕಡೆಗಿದೆ. ಹನ್ನೆರಡಕ್ಕೆ ಹನ್ನೆರಡೂ ಹಾಗೆಯೇ.

ರಬ್ಬರ್ ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಮರ ಕೆತ್ತುವ ಕಾಲದಲ್ಲಿ ಹಾಲು ಹಿಡಿಯುವ ಗೆರಟೆಯ, ಎಂದರೆ ತೆಂಗಿನ ಚಿಪ್ಪಿನ, ಬಾಯಿ ಮೇಲಕ್ಕಿರುತ್ತದೆ. ಎಲೆ ಉದುರಿ ಕೆಲಸ ನಿಂತಾಗ ಗೆರಟೆಯನ್ನು ಕವುಚಿ ಇಡುತ್ತೇವೆ. ಗೆರಟೆ ಕವುಚಿದೆ ಎಂದರೆ ಟ್ಯಾಪಿಂಗ್ ಇಲ್ಲ ಎಂದರ್ಥ. ನಾನು ಊರು ಬಿಡುವಾಗ ನಮ್ಮ ಕಡೆಯ ತೋಟಗಳಲ್ಲೆಲ್ಲ ಗೆರಟೆಗಳು ಕವುಚಿಯೇ ಇದ್ದವು. ಹದಿನಾಲ್ಕು ವರ್ಷ ಆ ಕೆಲಸ ಮಾಡಿದ ಕಣ್ಣಿಗೆ ಈ ಬೀದಿಯನ್ನು ನೋಡಿ ಒಂದೇ ವಿಷಯ ತೋಚಿತು: ಕೌನ್ಸಿಲಿನವರು ಕೆಲಸ ನಿಲ್ಲಿಸಿದ್ದಾರೆ. ನಳಿಗೆ ತೋರಿಕೆಗೆ ಮಾತ್ರ.

"ಟೀಚರೇ, ಇದರಲ್ಲಿ ಎಂತ ಬೀಳ್ತದೆ? ಸೊನ್ನೆ!"

"ಸೊನ್ನೆಯಾದರೆ ಸೊನ್ನೆ. ಇಷ್ಟು ಕಾರು ಇದ್ದೂ ಇವರದ್ದು ಸೊನ್ನೆ, ನಿನ್ನದು ಒಂದೇ ಗೂಡಾದರೂ ಸೊನ್ನೆ ಅಲ್ಲ. ಹದಿನೈದು ಅಡಿ."

ಒಪ್ಪಂದದ ಪ್ರಕಾರ ಇಲ್ಲಿಯ ಅಳತೆಯೇ ನನ್ನ ತಕ್ಕಡಿ. ತಕ್ಕಡಿಯ ತಟ್ಟೆಯನ್ನೇ ಕವುಚಿ ಇಟ್ಟರೆ ನನ್ನ ಗತಿ ಏನು?

ಎರಡನೇ ದಿನ: ಏಣಿ ಮತ್ತು ಅಂಗಿ

ಟ್ಯಾಪಿಂಗ್ ಮಾಡಿದವನಿಗೆ ಯಾವ ದೇಶದಲ್ಲೂ ಬೆಳಗಿನ ಜಾವ ನಿದ್ದೆ ಇಲ್ಲ. ಬೆಳಕು ಹರಿಯುವಷ್ಟರಲ್ಲಿ ನಾನು ಲಿಲ್ಲಿಯ ಮನೆಯ ಹಿಂದಿನ ಗೂಡಂಗಡಿಯಂಥ ಶೆಡ್ಡಿನಿಂದ ಅಲ್ಯೂಮಿನಿಯಂ ಏಣಿ ತೆಗೆದೆ. ಚಳಿ. ಬಾಗಿಲ ಹಿಂದೆ ಟೀಚರ ಅಳಿಯ ಜೋಬಿಯ ಅಂಗಿಯೊಂದು ನೇತಾಡುತ್ತಿತ್ತು. ಅವನು ಗೋದಾಮಿನಲ್ಲಿ ಕೆಲಸಕ್ಕೆ ಹಾಕುವ, ಹಳದಿ ಬಣ್ಣ ಕಣ್ಣಿಗೆ ಕುಕ್ಕುವ, ಬೆಳ್ಳಿ ಪಟ್ಟಿಯ ಅಂಗಿ. ಬೆಚ್ಚಗಿದ್ದೀತೆಂದು ಹಾಕಿಕೊಂಡೆ. ಬೇರೆ ಉದ್ದೇಶ ಇರಲಿಲ್ಲ.

ಆ ಅಂಗಿಯ ಮಹಿಮೆ ನನಗೆ ಗೊತ್ತಿರಲಿಲ್ಲ ಮಾರಾಯ್ರೆ. ನಿನ್ನೆ ಅದೇ ಬೀದಿಯಲ್ಲಿ ಸುಮ್ಮನೆ ನಿಂತದ್ದಕ್ಕೆ ಮೂವರು ವಿಚಾರಿಸಿದ್ದರು. ಇವತ್ತು ಏಣಿ ಇಟ್ಟು ಸರಕಾರಿ ಕಂಬ ಹತ್ತಿ, ಸರಕಾರಿ ನಳಿಗೆ ಕಿತ್ತು, ಬಾಯಿ ಮೇಲೆ ಮಾಡಿ ಸಿಕ್ಕಿಸುತ್ತಿದ್ದೇನೆ, ನಾಯಿ ಹಿಡಿದುಕೊಂಡು ಬಂದವರೆಲ್ಲ "ಗುಡ್ ಮಾರ್ನಿಂಗ್" ಹೇಳಿ ಹೋಗುತ್ತಾರೆ. ಒಬ್ಬರು ಏಣಿ ಹಿಡಿದುಕೊಟ್ಟರು. ಏಳನೇ ಕಂಬದ ಕೆಳಗೆ ಒಬ್ಬ ಅಜ್ಜಿ ನನ್ನನ್ನು ನಿಲ್ಲಿಸಿ, ಅವಳ ಮನೆಯ ಮುಂದಿನ ದೀಪ ಎರಡು ವರ್ಷದಿಂದ ಉರಿಯುತ್ತಿಲ್ಲ ಎಂದು ತೋರಿಸಿದಳು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ, ಎರಡು ವರ್ಷ ಎಂಬುದು ಅವಳು ಎತ್ತಿದ ಬೆರಳಿನಿಂದ ತಿಳಿಯಿತು. ನಾನು ಕಂಬದ ಮೇಲಿನ ನಂಬರು ಜೇಬಿನ ಚೀಟಿಯಲ್ಲಿ ಬರೆದುಕೊಂಡು, "ಟುಮಾರೋ" ಎಂದೆ. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಅಭ್ಯಾಸ ನನಗಿಲ್ಲ. ಚೀಟಿ ಲಿಲ್ಲಿಗೆ ಕೊಟ್ಟೆ. ಅವಳು ಮೊಬೈಲಿನಲ್ಲಿ ಕೌನ್ಸಿಲಿಗೆ ದೂರು ಹಾಕಿದಳು. ಮೂರನೇ ದಿನ ದೀಪ ಉರಿಯಿತು!

ಹನ್ನೆರಡೂ ನಳಿಗೆ ನೆಟ್ಟಗಾದವು. ಇನ್ನು ಪ್ರಾಮಾಣಿಕ ಅಳತೆ ಸಿಗುತ್ತದೆ ಎಂದು ನೆಮ್ಮದಿಯಾಗಿ ಎರಡು ಮೊಟ್ಟೆ ಹೆಚ್ಚು ತಿಂದೆ. ಟೀಚರಿಗೆ ಹೇಳಲಿಲ್ಲ.

ಮಧ್ಯಾಹ್ನ ಮಳೆ ಶುರುವಾಯಿತು. ನಮ್ಮ ಮಳೆಯ ಹಾಗೆ ಬಂದು ಬಡಿದು ಹೋಗುವ ಮಳೆ ಅಲ್ಲ. ಸಾಲ ಕೇಳಲು ಬಂದ ನೆಂಟನ ಹಾಗೆ, ಜೋರಿಲ್ಲ, ಹೋಗುವುದೂ ಇಲ್ಲ. ನಾಲ್ಕು ದಿನ ಹಾಗೆಯೇ ಇತ್ತು.

ಆರನೇ ದಿನ: ಪೀಟರ್

ಆರನೇ ದಿನ ಬೆಳಿಗ್ಗೆ ಮನೆಯ ಮುಂದಿನ ಕಂಬಕ್ಕೆ ಇಟ್ಟ ಏಣಿಯ ಮೇಲೆ ಒಬ್ಬ ಮನುಷ್ಯ ಅಲ್ಲಾಡದೆ ನಿಂತಿದ್ದ. ತಲೆ ಬೆಳ್ಳಗಾಗಿದೆ, ಮೈಮೇಲೆ ನನ್ನದೇ ಬಣ್ಣದ ಅಂಗಿ. ಕೈಯಲ್ಲಿ ನಳಿಗೆ. ಅದನ್ನು ಬಗ್ಗಿಸಿದ, ನೀರು ಸುರಿಯಿತು. ಒಳಗಿಂದ ಒಂದು ಸಣ್ಣ ಹುಳ ಈಜಿಕೊಂಡು ಹೊರಗೆ ಬಂತು.

ಟೀಚರ್ ಕೊಡೆ ಹಿಡಿದು ಹೊರಟರು, ನಾನು ಹಿಂದೆ. ಅವರು ಮೂವತ್ತೈದು ವರ್ಷ ಮಕ್ಕಳಿಗೆ ಮಗ್ಗಿಯ ಜೊತೆ ಇಂಗ್ಲಿಷೂ ಕಲಿಸಿದವರು. ಮಾತಾಡಲು ಒಬ್ಬ ಇಂಗ್ಲಿಷಿನವನು ಸಿಕ್ಕಿದರೆ ಬಿಡುವವರಲ್ಲ. ಐದು ನಿಮಿಷದಲ್ಲಿ ಅವನ ಹೆಸರು ಪೀಟರ್, ಕೌನ್ಸಿಲಿನ ನೌಕರ, ಹತ್ತೊಂಬತ್ತು ವರ್ಷದಿಂದ ತಿಂಗಳಿಗೊಮ್ಮೆ ನಳಿಗೆ ಬದಲಾಯಿಸುವ ಕೆಲಸ ಎಂದೆಲ್ಲ ಗೊತ್ತಾಯಿತು. ಅವನು ಹೇಳಿದ್ದನ್ನು ಟೀಚರ್ ನನಗೆ ಕನ್ನಡದಲ್ಲಿ ಹೇಳುತ್ತ ಹೋದರು.

"ನಳಿಗೆಯ ಮುಚ್ಚಿದ ತುದಿಯಲ್ಲಿ ಎಂತದೋ ಮದ್ದು ಹಚ್ಚಿರುದಂತೆ. ವಾಹನದ ವಿಷಗಾಳಿ ಕೆಳಗಿನ ಬಾಯಿಯಿಂದ ತನ್ನಷ್ಟಕ್ಕೆ ಮೇಲೆ ಹತ್ತಿ ಅದಕ್ಕೆ ಅಂಟಿಕೊಳ್ತದಂತೆ. ತಿಂಗಳಾದ ಮೇಲೆ ಮುಚ್ಚಳ ಹಾಕಿ ಲ್ಯಾಬಿಗೆ ಕಳಿಸುದು. ಬಾಯಿ ಕೆಳಗೇ ಇರಬೇಕಂತೆ, ಇಲ್ಲದಿದ್ದರೆ ಮಳೆ ಬಿದ್ದು ಹಾಳು. ಯಾರೋ ಕಿಡಿಗೇಡಿ ಹನ್ನೆರಡನ್ನೂ ತಿರುಗಿಸಿ ಇಟ್ಟಿದ್ದಾನಂತೆ."

ನನ್ನ ಬಾಯಿಯೂ ಆಗ ನಳಿಗೆಯ ಹಾಗೆಯೇ ತೆರೆದುಕೊಂಡಿತ್ತು. ಹಾಲು ಮೇಲಿಂದ ಕೆಳಗೆ ಇಳಿಯುತ್ತದೆ. ಗಾಳಿ ಕೆಳಗಿಂದ ಮೇಲೆ ಹತ್ತುತ್ತದೆ ಎಂದು ಯಾರಿಗೆ ಗೊತ್ತು?

ಟೀಚರ್ ನನ್ನ ಮುಖ ನೋಡಿದರು. ನಾಲ್ಕನೇ ಕ್ಲಾಸಿನಲ್ಲಿ ಸೀಮೆಸುಣ್ಣ ಕದ್ದ ದಿನ ನೋಡಿದ ನೋಟ ಅದು.

"ಸೀನಪ್ಪಾ."

"ಟೀಚರೇ."

"ನೀನಾ?"

"ಕವುಚಿ ಇತ್ತಲ್ಲ ಟೀಚರೇ."

"ಕರ್ತಾವೇ!" ಎಂದು ದೇವರನ್ನು ಕರೆದು ಅವರು ಕೊಡೆಯನ್ನು ಮುಚ್ಚಿಬಿಟ್ಟರು, ಮಳೆಯಲ್ಲಿಯೇ. ಪೀಟರಿಗೆ ಮಾತ್ರ ಏನೂ ಹೇಳಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಸರಕು ಕೈಯಲ್ಲಿ ಇಟ್ಟುಕೊಂಡು ದರ ಹೇಳದವನನ್ನು ವ್ಯಾಪಾರದಲ್ಲಿ ನಂಬಬಾರದು.

ಹತ್ತನೇ ದಿನ: ಕೌನ್ಸಿಲಿನ ಸಭೆ

ಸುದ್ದಿ ಲಿಲ್ಲಿಯ ಮೊಬೈಲಿಗೂ ಬಂತು. ಬೀದಿಯ ಒಂದು ತಿಂಗಳ ಅಳತೆ ಹೋಗಿದೆ, ಕೌನ್ಸಿಲ್ ಚರ್ಚಿಸುತ್ತದೆ, ಸಾರ್ವಜನಿಕರು ಬರಬಹುದು. "ಹೋಗುವ" ಎಂದರು ಟೀಚರ್. ನನಗೆ ಆ ದಿನ ತಲೆನೋವಿತ್ತು. ಅವರು ಕೇಳಲಿಲ್ಲ.

ನಮ್ಮ ಗ್ರಾಮಸಭೆಗೂ ಇದಕ್ಕೂ ಎರಡೇ ವ್ಯತ್ಯಾಸ. ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಇಲ್ಲಿ ಒಬ್ಬೊಬ್ಬರೇ. ನಮ್ಮಲ್ಲಿ ಚಹಾ ಕೊನೆಗೆ, ಇಲ್ಲಿ ಮೊದಲಿಗೆ. ಮಾತಾಡುವವರ ಎದುರು ಒಂದು ದೀಪ. ಮೂರು ನಿಮಿಷಕ್ಕೆ ಕೆಂಪು, ಆಮೇಲೆ ಅಧ್ಯಕ್ಷೆ ಕನ್ನಡಕ ತೆಗೆಯುತ್ತಾಳೆ. ಅದೇ ಬೈಗುಳ.

ಟೀಚರ್ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಒಬ್ಬ ಸದಸ್ಯ ಇದು ಅಳಿಲುಗಳ ಕೆಲಸ ಎಂದ. ಇನ್ನೊಬ್ಬ, ಹನ್ನೆರಡನ್ನೂ ಒಂದೇ ರೀತಿ ತಿರುಗಿಸಲು ಅಳಿಲಿಗೆ ಶಿಸ್ತು ಎಲ್ಲಿಂದ ಬಂತು ಎಂದು ಕೇಳಿದ. ಅಳಿಲಿನ ಬಗ್ಗೆ ಕಾಲು ಗಂಟೆ. ಮತ್ತೆ ನಾಯಿಯವರಲ್ಲಿ ಒಬ್ಬರು ಎದ್ದು, ನಾನು ಆ ಮನುಷ್ಯನನ್ನು ಕಂಡಿದ್ದೇನೆ, ಅವನು ಕೌನ್ಸಿಲಿನ ಅಂಗಿ ಹಾಕಿದ್ದ, ಏಣಿ ಹಿಡಿದುಕೊಟ್ಟದ್ದೇ ನಾನು ಎಂದರು. ಸಭೆಯಲ್ಲಿ ಗುಜುಗುಜು. ಹಾಗಾದರೆ ನಮ್ಮವನೇ! ರಸ್ತೆಯ ವಿಭಾಗ ನಮ್ಮವನಲ್ಲ ಎಂದಿತು. ಉದ್ಯಾನದವರು ನಮ್ಮವನಲ್ಲ ಎಂದರು. ಕಸದವರು ಬರೆದುಕೊಂಡೇ ಬಂದಿದ್ದರು, ನಮ್ಮವನಲ್ಲ ಎಂದು.

ಆಗ ದೀಪದ ಅಜ್ಜಿ ಎದ್ದಳು. "ಯಾರೇ ಆಗಲಿ, ಎರಡು ವರ್ಷದಲ್ಲಿ ನನ್ನ ಮಾತು ಕೇಳಿದ ಮೊದಲ ಕೌನ್ಸಿಲಿನ ನೌಕರ ಅವನು. ಬರೆದುಕೊಂಡ. ನಾಳೆ ಎಂದ. ದೀಪ ಉರಿಯಿತು. ಅವನಿಗೆ ಬಡ್ತಿ ಕೊಡಿ." ಹತ್ತಾರು ಜನ ಚಪ್ಪಾಳೆ ತಟ್ಟಿದರು. ಹಳದಿ ಅಂಗಿ ಇಲ್ಲದ ನನ್ನನ್ನು ಯಾರೂ ಗುರುತಿಸಲಿಲ್ಲ, ನಾನೂ ತಟ್ಟಿದೆ. ಟೀಚರ್ ನನ್ನ ಕೈಯನ್ನು ಹಿಡಿದು ಕೆಳಗೆ ಇಳಿಸಿದರು.

ಇಷ್ಟಕ್ಕೆ ಮುಗಿದಿದ್ದರೆ ನಾನು ಸುಮ್ಮನೆ ಬರುತ್ತಿದ್ದೆ. ಆದರೆ ಅಳಿಲಿನ ಸದಸ್ಯ ಮತ್ತೆ ಎದ್ದು, ನಳಿಗೆಯನ್ನು ಪೀಟರೇ ತಪ್ಪಾಗಿ ಕಟ್ಟಿರಬೇಕು, ಹತ್ತೊಂಬತ್ತು ವರ್ಷ ಒಂದೇ ಕೆಲಸ ಮಾಡಿದವನಿಗೆ ಮೇಲೆ ಯಾವುದು ಕೆಳಗೆ ಯಾವುದು ಮರೆಯುವುದು ಸಹಜ, ಹಳೆಯ ಅಳತೆಗಳನ್ನೂ ಪರೀಕ್ಷಿಸಬೇಕು ಎಂದ. ಮೂಲೆಯಲ್ಲಿ ಕೂತಿದ್ದ ಪೀಟರ್ ತಲೆ ಎತ್ತಲಿಲ್ಲ. ಟೊಪ್ಪಿಯನ್ನು ಮೊಣಕಾಲ ಮೇಲೆ ಇಟ್ಟು ಅದರ ಅಂಚನ್ನು ನೇರ ಮಾಡುತ್ತಿದ್ದ.

ನಾನು ಶೀಟಿಗೆ ದರ ಕಡಿಮೆ ಕಟ್ಟಿದವನು ಹೌದು. ತೇವ ಹೆಚ್ಚುಂಟು ಎಂದು ಸುಳ್ಳು ಹೇಳಿದವನೂ ಹೌದು. ಇನ್ನೊಬ್ಬನ ಹತ್ತೊಂಬತ್ತು ವರ್ಷದ ಕೆಲಸಕ್ಕೆ ನೀರು ಹೊಯ್ದು ಎದ್ದು ಬರಲು ನನ್ನಿಂದ ಆಗಲಿಲ್ಲ. ಎದ್ದು ನಿಂತೆ.

"ಟೀಚರೇ, ಹೇಳಿ. ತಿರುಗಿಸಿದ್ದು ನಾನು. ನಮ್ಮಲ್ಲಿ ಗೆರಟೆ ಕವುಚಿದರೆ ಕೆಲಸ ಇಲ್ಲ ಅಂತ ಅರ್ಥ. ಇವರ ಕೆಲಸ ನಿಂತಿದೆ ಅಂತ ತಿಳಿದು ಸರಿ ಮಾಡಿದ್ದು. ಪೀಟರ್ ಕಟ್ಟಿದ್ದು ಸರಿಯೇ ಇತ್ತು. ತಪ್ಪಾಯ್ತು."

ನಾನು ಹೇಳಿದ್ದು ಇಷ್ಟೇ. ಟೀಚರ್ ಎದ್ದು, ಸೆರಗು ಹೊದ್ದು, ಮಾತಾಡಿದರು. ಒಂದು ನಿಮಿಷ ಆಯಿತು. ಎರಡು ಆಯಿತು. ಸಭೆಯಲ್ಲಿ ಕೆಲವರು ನಕ್ಕರು, ಪೀಟರ್ ತಲೆ ಎತ್ತಿದ. ಮೂರನೇ ನಿಮಿಷದಲ್ಲಿ ಎಲ್ಲರೂ ನನ್ನ ಕಡೆ ತಿರುಗಿ ಗಂಭೀರವಾಗಿ ನೋಡತೊಡಗಿದರು. ಅಧ್ಯಕ್ಷೆ ಬರೆದುಕೊಳ್ಳುತ್ತಿದ್ದಳು. ಕೆಂಪು ದೀಪ ಹತ್ತಿತು. ಟೀಚರ್ ದೀಪಕ್ಕೆ ಕೈ ತೋರಿಸಿ "ವೇಯ್ಟ್" ಎಂದು, ಮುಗಿಸಿಯೇ ಕೂತರು.

"ನಾನು ಹೇಳಿದ್ದು ಅರ್ಧ ನಿಮಿಷ. ನೀವು ಎಂತ ಹೇಳಿದ್ದು ಅಷ್ಟೊತ್ತು?"

"ನೀನು ಹೇಳಿದ್ದೂ ಹೇಳಿದೆ. ಸಮಯ ಉಳಿದಿತ್ತು. ನಿನ್ನ ಹೊಗೆಗೂಡಿನ ವಿಷಯವೂ ಹೇಳಿದೆ."

ಯೋಚನೆ ಮಾಡಿ. ನೆಲ್ಯಾಡಿಯಿಂದ ಎರಡು ಮೈಲು ಒಳಗಿನ ನನ್ನ ಗೂಡಿನ ಮೇಲೆ ಇಂಗ್ಲೆಂಡಿನ ಒಂದು ಕೌನ್ಸಿಲಿನಲ್ಲಿ ದೂರು ದಾಖಲಾಯಿತು. ಅಲ್ಲಿ ದೂರು ಬಂದರೆ ನಂಬರು ಕೊಡಲೇಬೇಕಂತೆ. ಎಲ್ಲಿಯದ್ದು ಎಂದು ಕೇಳಿದ ಗುಮಾಸ್ತನಿಗೆ ಟೀಚರ್ ಪಿನ್‌ಕೋಡ್ ಸಮೇತ ವಿಳಾಸ ಬರೆಸಿದರು. ನನಗೆ ದಂಡ ಹಾಕಲಿಲ್ಲ. ಇನ್ನು ಮುಂದೆ ಕೌನ್ಸಿಲಿನ ಕಂಬ ಹತ್ತಬಾರದು ಎಂದು ಒಂದು ಪತ್ರ ಕೊಟ್ಟರು. ಕೆಳಗೆ, ದೀಪದ ಬಗ್ಗೆ ಗಮನ ಸೆಳೆದದ್ದಕ್ಕೆ ಧನ್ಯವಾದ ಎಂದೂ ಇತ್ತು.

ಹದಿನೈದನೇ ದಿನ: ಅಳತೆಯ ಗುಟ್ಟು

ಪೀಟರ್ ಲಿಲ್ಲಿಯ ಮನೆಗೆ ಚಹಾಕ್ಕೆ ಬಂದ. ನನ್ನ ಮೇಲೆ ಸಿಟ್ಟಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಈ ನಳಿಗೆಗಳನ್ನು ಅಷ್ಟು ಗಮನವಿಟ್ಟು ನೋಡಿದ ಮೊದಲ ಮನುಷ್ಯ ನಾನಂತೆ. ನಾನು ತಂದ ಶೀಟನ್ನು ಅವನಿಗೆ ಕೊಟ್ಟೆ. ಅವನು ಮೂಸಿ ನೋಡಿ, ಬೆಕ್ಕಿನ ಬಾಗಿಲ ಬಳಿ ಹಾಸುತ್ತೇನೆ ಎಂದ. ಒಂದನೇ ದರ್ಜೆಯ ಶೀಟು. ಇರಲಿ.

ಮುಖ್ಯ ವಿಷಯಕ್ಕೆ ಬಂದೆ. "ಟೀಚರೇ, ಕೇಳಿ. ಪಕ್ಕದ ಮನೆಯ ಹೊಗೆ ಹೆಚ್ಚು ಅಂತ ದೂರು ಬಂದರೆ ಯಾವ ನಳಿಗೆ ಕಟ್ಟುದು? ಒಂದು ನನಗೆ ಮಾರ್ತಾನಾ?"

ಪೀಟರ್ ಹೇಳಿದ್ದನ್ನು ಕೇಳಿ ಟೀಚರ್ ಮೊದಲು ತಾವೇ ನಕ್ಕರು. ಆಮೇಲೆ ಹೇಳಿದರು.

"ಅದಕ್ಕೆ ನಳಿಗೆ ಇಲ್ಲವಂತೆ. ನಳಿಗೆ ವಾಹನದ ಗಾಳಿಗೆ ಮಾತ್ರ. ಪಕ್ಕದ ಮನೆಯ ಹೊಗೆಗೆ ಒಂದು ಫಾರಂ ಕೊಡುದಂತೆ. ದೂರು ಕೊಟ್ಟವರು ದಿನ ದಿನ ಬರೆಯಬೇಕು, ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತು ಇತ್ತು, ಎಂತ ತೊಂದರೆ ಆಯ್ತು. ಮತ್ತೆ ಇವನು ಬಂದು ದೂರು ಕೊಟ್ಟವರ ಅಂಗಳದಲ್ಲಿ ಕುರ್ಚಿ ಹಾಕಿ ಕೂರುದಂತೆ."

"ಕೂತು?"

"ಮೂಸುದಂತೆ."

"ಯಂತ್ರ?"

ಪೀಟರಿಗೆ ಭಾಷಾಂತರ ಬೇಕಾಗಲಿಲ್ಲ. ತನ್ನ ಮೂಗಿನ ತುದಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ.

ಎರಡು ಲಕ್ಷದ ಅರುವತ್ತು ಸಾವಿರ ಕೊಟ್ಟು ನಾನು ನೋಡಲು ಹೋದ ಯಂತ್ರ ಅದು. ನನ್ನ ಮುಖದಲ್ಲಿಯೇ ಒಂದಿತ್ತು.

ನೆಲ್ಯಾಡಿ

ಮೂರು ವಾರಕ್ಕಿಂತ ಹೆಚ್ಚು ದಿನ ಟೀಚರ ಹಸು ಬೇರೆಯವರಿಗೆ ಹಾಲು ಕೊಡುವುದಿಲ್ಲ. ಹಾಗಾಗಿ ಜ್ಞಾನಸ್ನಾನ ಮುಗಿಸಿ ಇಪ್ಪತ್ತೊಂದನೇ ದಿನಕ್ಕೆ ಊರಿಗೆ ಬಂದೆವು. ನಮ್ಮ ಹಿಂದೆಯೇ ಕೌನ್ಸಿಲಿನ ಪತ್ರವೂ ಬಂತು. ದೂರಿನ ಸ್ಥಳ ತಮ್ಮ ವ್ಯಾಪ್ತಿಗೆ ಬರುವುದಿಲ್ಲ, ವಿಷಾದವಿದೆ, ಆದರೂ ಉಪಯೋಗವಾಗಲಿ ಎಂದು ಹೊಗೆಯ ಫಾರಂ ಲಗತ್ತಿಸಿದ್ದೇವೆ. ಪಂಚಾಯತಿನ ಅಧಿಕಾರಿ ಅದನ್ನು ಎರಡು ಸಲ ಓದಿ, ಹಿಂದೆ ಮುಂದೆ ನೋಡಿ, ಕಡತಕ್ಕೆ ಸೇರಿಸಿದರು.

"ಒಪ್ಪಂದ ಒಪ್ಪಂದವೇ" ಎಂದರು ಅಧಿಕಾರಿ. "ಅಂಗಳದಲ್ಲಿ ಕೂತು ಮೂಸ್ಲಿಕ್ಕೆ ಯಾರು ಹೋಗುದು? ನನಗೆ ಶೀತ."

"ಇವನೇ ಕೂರಲಿ" ಎಂದರು ಟೀಚರ್. "ಕೌನ್ಸಿಲಿನ ಅಂಗಿ ಹಾಕಿ ಅನುಭವ ಉಂಟು."

ನನಗೆ ಲಾಭವೇ ಎಂದುಕೊಂಡೆ. ಆರೋಪಿಯೇ ಅಳೆಯುವುದಾದರೆ ಇನ್ನೇನು ಬೇಕು? ಮೊದಲ ಮಳೆ ಬಿದ್ದು ಟ್ಯಾಪಿಂಗ್ ಶುರುವಾಗಿತ್ತು. ಗೂಡಿಗೆ ಬೆಂಕಿ ಹಾಕುವ ದಿನ ಬೆಳಿಗ್ಗೆ ಏಳಕ್ಕೆ ರಸ್ತೆ ದಾಟಿ, ಟೀಚರ ಅಂಗಳದಲ್ಲಿ ಕುರ್ಚಿಯಲ್ಲಿ ಕೂತೆ. ಹನ್ನೊಂದು ವರ್ಷದಲ್ಲಿ ಆ ಅಂಗಳಕ್ಕೆ ನಾನು ಅದೆಷ್ಟೋ ಸಲ ಹೋಗಿದ್ದೇನೆ. ಗೂಡಿಗೆ ಬೆಂಕಿ ಹಾಕಿದ ಹೊತ್ತಿನಲ್ಲಿ ಒಮ್ಮೆಯೂ ಹೋದವನಲ್ಲ. ಆ ಹೊತ್ತಿಗೆ ನಾನು ಯಾವಾಗಲೂ ಹೊಗೆಯ ಆಚೆ ಬದಿಯಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ.

ಏಳೂವರೆಗೆ ಕೊಳವೆಯಿಂದ ಬಿಳಿ ಹೊಗೆ ಎದ್ದಿತು. ಎದ್ದದ್ದು ಮೇಲೆ ಹೋಗಲಿಲ್ಲ. ಸ್ವಲ್ಪ ಯೋಚಿಸಿದ ಹಾಗೆ ನಿಂತು, ಬಗ್ಗಿ, ಕಟ್ಟು ಬಿಚ್ಚಿದ ಕರು ಹಟ್ಟಿಗೆ ಓಡುವ ಹಾಗೆ ರಸ್ತೆ ದಾಟಿ ನೇರ ನನ್ನ ಕಡೆಗೆ ಬಂತು. ಟೀಚರ್ ಕಾಫಿ ತಂದಿಟ್ಟರು. ಒಂದು ಗುಟುಕು ಕುಡಿದೆ. ಶೀಟು ಕಲಸಿ ಕುಡಿದ ಹಾಗಿತ್ತು.

"ಸಕ್ಕರೆ ಸಾಕಾ?" ಎಂದರು ಟೀಚರ್, ಏನೂ ಗೊತ್ತಿಲ್ಲದವರ ಹಾಗೆ.

ಹತ್ತು ಗಂಟೆಯವರೆಗೆ ಕೂತೆ. ಕಣ್ಣಿನಲ್ಲಿ ನೀರು. ಒಗೆದು ಹಾಕಿದ ಸೀರೆಯನ್ನು ಅವರು ಎರಡು ಸಲ ಒಳಗೆ ತಂದರು, ಎರಡು ಸಲ ಹೊರಗೆ ಹಾಕಿದರು. ಹನ್ನೊಂದು ವರ್ಷದ ಕೆಲಸ ಅದು, ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಫಾರಮಿನಲ್ಲಿ "ಆದ ತೊಂದರೆ" ಎಂಬಲ್ಲಿ ಬರೆಯಲು ಇದ್ದದ್ದು ಎರಡು ಗೆರೆ. ನನಗೆ ಸಾಲಲಿಲ್ಲ, ಹಿಂಬದಿಯಲ್ಲೂ ಬರೆದೆ.

"ಹದಿನೈದು ಅಡಿ" ಎಂದರು ಟೀಚರ್.

"ಹತ್ತು."

"ಇನ್ನೊಂದು ಕಾಫಿ ಮಾಡ್ಲಾ?"

"ಬೇಡ ಟೀಚರೇ. ಹದಿನೈದು."

ಜೀವನದಲ್ಲಿ ನಾನು ಸೋತ ಅತಿ ಚಿಕ್ಕ ಚೌಕಾಸಿ ಅದು. ಕೊಳವೆಯ ದರ ಅಷ್ಟರಲ್ಲಿ ಐವತ್ತೆರಡು ಸಾವಿರಕ್ಕೆ ಏರಿತ್ತು. ಅದನ್ನು ಮಾತ್ರ ನಲವತ್ತಾರಕ್ಕೆ ಇಳಿಸಿದೆ.

ಹೋಗುವವರಿಗೆ

ಇಂಗ್ಲೆಂಡಿಗೆ ಹೋಗುವವರು ರಬ್ಬರ್ ಶೀಟು ಒಯ್ಯಬೇಡಿ, ಬೆಕ್ಕಿಗೆ ಹೋಗುತ್ತದೆ. ಹಳದಿ ಅಂಗಿ ಹಾಕುವುದಾದರೆ ಜೇಬಿನಲ್ಲಿ ಪೆನ್ನು ಇರಲಿ, ಜನ ದೂರು ಹೇಳಲು ಬರುತ್ತಾರೆ. ಬರೆದುಕೊಳ್ಳಿ, ಬರೆದುಕೊಂಡರೆ ಅರ್ಧ ಕೆಲಸ ಆಗುತ್ತದೆ. ಕಂಬದಲ್ಲಿ ಏನು ಕವುಚಿದ್ದರೂ ಹಾಗೆಯೇ ಬಿಡಿ, ನಿಮಗಿಂತ ಮೊದಲು ಹತ್ತೊಂಬತ್ತು ವರ್ಷ ಅದನ್ನು ನೋಡಿದವನೊಬ್ಬ ಇರುತ್ತಾನೆ. ಭಾಷಾಂತರಕ್ಕೆ ಫಿರ್ಯಾದಿಯನ್ನು ಕರೆದುಕೊಂಡು ಹೋಗಬೇಡಿ. ವಿಮಾನದ ಬೆಣ್ಣೆ ಕೇಳಿದರೆ ಇನ್ನೆರಡು ಕೊಡುತ್ತಾರೆ, ನಾಚಬೇಡಿ.

ನಿಮ್ಮದು ಹೊಗೆಗೂಡೋ ಗೇರುಬೀಜದ ಕಾರ್ಖಾನೆಯೋ ಬೇಕರಿಯೋ ಆಗಿದ್ದು, ಪಕ್ಕದವರು ದೂರು ಕೊಟ್ಟಿದ್ದರೆ, ಟಿಕೆಟ್ ಮಾಡುವ ಮೊದಲು ಒಂದು ಬೆಳಿಗ್ಗೆ ಅವರ ಅಂಗಳದಲ್ಲಿ ಹೋಗಿ ಕುಳಿತುಕೊಳ್ಳಿ. ಬೆಂಕಿ ಹಾಕಲು ಆಳಿಗೆ ಹೇಳಿ ಹೋಗಿ, ನಂದಿಸಿ ಹೋಗಬೇಡಿ. ಅವರು ಕೊಟ್ಟ ಕಾಫಿಯನ್ನು ಕೊನೆಯ ಗುಟುಕಿನವರೆಗೆ ಕುಡಿಯಿರಿ. ಕುರ್ಚಿ ಮಾತ್ರ ಮನೆಯಿಂದಲೇ ಒಯ್ಯುವುದು ಒಳ್ಳೆಯದು. ಟೀಚರ ಕುರ್ಚಿಗೆ ಒಂದು ಕಾಲು ಗಿಡ್ಡ, ನನ್ನ ಸೊಂಟ ಇನ್ನೂ ಸರಿಯಾಗಿಲ್ಲ.